ಜಪಾನಿ ಭಾಷೆಯ ಗೌರವದ ಮಾತು: ಯಾರನ್ನು ಏರಿಸಬೇಕು, ಯಾರನ್ನು ಇಳಿಸಬೇಕು?

ಟೋಕಿಯೋದ ಒಂದು ಆಫೀಸಿನಲ್ಲಿ ಫೋನ್ ಬರುತ್ತದೆ ಅಂದುಕೊಳ್ಳಿ. ಆ ಕಡೆ ಇರುವವರು ಗ್ರಾಹಕರು. 'ತಾನಾಕಾ ಅವರು ಇದ್ದಾರಾ?' ಎಂದು ಕೇಳುತ್ತಾರೆ. ತಾನಾಕಾ ಆ ವಿಭಾಗದ ಮುಖ್ಯಸ್ಥರು, ವಯಸ್ಸಿನಲ್ಲೂ ಹಿರಿಯರು. ಫೋನ್ ಎತ್ತಿದವಳು ಹೋದ ವರ್ಷ ಕೆಲಸಕ್ಕೆ ಸೇರಿದ ಹುಡುಗಿ. ಬೆಂಗಳೂರಾಗಿದ್ದರೆ 'ಸಾರ್ ಸೀಟಲ್ಲಿಲ್ಲ, ಈಗ ಬರ್ತಾರೆ' ಅನ್ನುತ್ತಿದ್ದಳು. ಅವಳು ಹೇಳುವುದು ಹೀಗೆ: 'ತಾನಾಕಾ ವಾ ತಾದಾಯಿಮಾ ಸೆಕಿ ಒ ಹಾಜುಶಿತೆ ಒರಿಮಾಸ್.'

ಹೆಸರಿನ ಹಿಂದೆ 'ಸಾನ್' ಇಲ್ಲ. ಕ್ರಿಯಾಪದವೂ ತಗ್ಗಿಸಿ ಹೇಳುವ ರೂಪದ್ದು. ಕನ್ನಡದ ಕಿವಿಗೆ 'ತಾನಾಕಾ ಸೀಟಿನಲ್ಲಿಲ್ಲ' ಎಂದು ಮ್ಯಾನೇಜರನ್ನು ಏಕವಚನದಲ್ಲಿ ಅಂದ ಹಾಗೆ ಕೇಳಿಸುತ್ತದೆ. ಜಪಾನಿ ಕಲಿಯುತ್ತಿದ್ದಾಗ ಈ ವಾಕ್ಯ ಮೊದಲು ಕೇಳಿ ನಾನು ಬೆಚ್ಚಿದ್ದೆ. ಈ ಮಾತು ತಾನಾಕಾ ಅವರ ಕಿವಿಗೆ ಬಿದ್ದರೂ ಅವರಿಗೆ ಬೇಜಾರಾಗುವುದಿಲ್ಲ. ಅವಳು ಸರಿಯಾಗಿ ಮಾತಾಡಿದಳು ಅಂತಲೇ ಅಂದುಕೊಳ್ಳುತ್ತಾರೆ.

ಜಪಾನಿ ಕಲಿಯುವ ಕನ್ನಡಿಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಗೌರವ ಕೊಡುವುದು ನಮಗೆ ಹೊಸದಲ್ಲ. ನೀನು, ನೀವು, ತಾವು ಅಂತ ಮೂರು ಮೆಟ್ಟಿಲು ಹತ್ತಿಳಿದು ಬೆಳೆದವರು ನಾವು. ನಮಗೆ ಹೊಸದು ಏನೆಂದರೆ, ಹೊರಗಿನವರ ಮುಂದೆ ನಮ್ಮವರಿಗೆ ಗೌರವ ಬಿಡುವುದು. ಇದೊಂದು ರೂಢಿಯಾದರೆ ಉಳಿದದ್ದೆಲ್ಲ ಅಭ್ಯಾಸದ ಮಾತು.

ಜಪಾನಿಯರು ಈ ಗೌರವದ ಮಾತಿಗೆ 'ಕೇಯ್ಗೊ' ಎನ್ನುತ್ತಾರೆ. ಅವರಿಗೂ ಇದು ಸಲೀಸಲ್ಲ. ಕೆಲಸಕ್ಕೆ ಸೇರಿದ ಮೇಲೆ ತರಬೇತಿಯಲ್ಲಿ ಕಲಿಯುವವರೇ ಜಾಸ್ತಿ. ಹಾಗಾಗಿ ತಪ್ಪಾದೀತು ಅಂತ ಹೆದರಬೇಡಿ. ಇಲ್ಲಿ ಬರುವ ತಾನಾಕಾ, ರಮೇಶ್ ಎಲ್ಲ ಸುಮ್ನೆ ಉದಾಹರಣೆಯ ಹೆಸರುಗಳು.

ಹಂತ 1: ಹೆಸರಿನ ಹಿಂದೆ ಏನು ಸೇರಿಸಬೇಕು?

'ಸಾನ್'ನಿಂದ ಶುರು ಮಾಡಿ. ಗಂಡು, ಹೆಣ್ಣು, ಮದುವೆಯಾದವರು, ಆಗದವರು, ಎಲ್ಲರಿಗೂ ನಡೆಯುತ್ತದೆ. ನಮ್ಮ 'ಅವರು' ಇದ್ದ ಹಾಗೆ. ಎರಡನೇ ಮಹಾಯುದ್ಧದ ನಂತರ ಸರಳವಾದ ಗೌರವದ ಮಾತು ಹೇಗಿರಬೇಕು ಎಂದು ಅಲ್ಲಿನ ರಾಷ್ಟ್ರೀಯ ಭಾಷಾ ಮಂಡಳಿ 1952ರಲ್ಲಿ ಸಲಹೆ ಕೊಟ್ಟಿತು. ಹೆಸರಿಗೆ 'ಸಾನ್' ಸೇರಿಸುವುದೇ ಸಾಮಾನ್ಯ ರೂಪವಾಗಲಿ ಎಂದು ಅದರಲ್ಲಿ ಹೇಳಿತ್ತು. ಏನು ಬಳಸಬೇಕು ಅಂತ ಗೊತ್ತಾಗದಿದ್ದಾಗ ಇದನ್ನೇ ಹಿಡಿಯಿರಿ.

ಇದರ ಜೊತೆ ಎರಡು ನಿಯಮ. ಒಂದು, ಇದು ಮನೆತನದ ಹೆಸರಿಗೆ ಸೇರುತ್ತದೆ, ಮತ್ತು ಜಪಾನಿಯರಲ್ಲಿ ಮನೆತನದ ಹೆಸರೇ ಮೊದಲು ಬರುತ್ತದೆ. ಎರಡು, ನಿಮ್ಮ ಹೆಸರಿಗೆ ನೀವೇ ಯಾವತ್ತೂ ಸೇರಿಸಬಾರದು. 'ನಾನು ರಮೇಶ್ ಅವರು' ಅಂತ ಯಾರಾದರೂ ಹೇಳುತ್ತಾರಾ? ಅಷ್ಟೇ.

ನಮ್ಮವರಿಗೆ ಇಲ್ಲೊಂದು ತೊಡಕಿದೆ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಎಷ್ಟೋ ಜನರಿಗೆ ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತದೆ. ಜಪಾನಿನ ಆಫೀಸು, ಆಸ್ಪತ್ರೆಗಳಲ್ಲಿ ಅದಕ್ಕೇ 'ಸಾನ್' ಸೇರಿಸಿ ಕರೆಯುತ್ತಾರೆ. ನಿಮ್ಮ ಅಪ್ಪನ ಹೆಸರು ಕೇಳಿಸಿದರೆ ಎದ್ದು ಹೋಗಬೇಕಾದವರು ನೀವು! ಮೊದಲ ಭೇಟಿಯಲ್ಲೇ 'ರಮೇಶ್ ತೊ ಯೊಂದೆ ಕುದಾಸಾಯ್', ಅಂದರೆ 'ರಮೇಶ್ ಎಂದು ಕರೆಯಿರಿ' ಅಂದುಬಿಡಿ. ಆಮೇಲೆ ಅವರೇ 'ರಮೇಶ್ ಸಾನ್' ಎನ್ನುತ್ತಾರೆ.

'ಸಾಮಾ' ಇನ್ನೂ ಮೇಲಿನದು. ಗ್ರಾಹಕರಿಗೆ 'ಒಕ್ಯಾಕುಸಾಮಾ', ದೇವರಿಗೆ 'ಕಾಮಿಸಾಮಾ'. ಪತ್ರ, ಇಮೇಲ್‌ಗಳಲ್ಲಿ ಹೆಸರಿನ ಹಿಂದೆ ಇದೇ ಬರುತ್ತದೆ. ಎದುರಿಗೆ ಕೂತ ಸಹೋದ್ಯೋಗಿಗೆ ಬಳಸಿದರೆ ದೂರ ತಳ್ಳಿದ ಹಾಗಾಗುತ್ತದೆ.

'ಚಾನ್' ಮುದ್ದಿನದು. ಮಕ್ಕಳು, ಆಪ್ತ ಗೆಳತಿಯರು, ಮನೆಯ ಬೆಕ್ಕು ನಾಯಿಗೂ ಸೈ. ಆಫೀಸಿನಲ್ಲಿ ಬೇಡ.

'ಕುನ್' ಸಾಮಾನ್ಯವಾಗಿ ಹುಡುಗರಿಗೆ, ಕಿರಿಯ ಗಂಡಸರಿಗೆ. ಮೇಲಧಿಕಾರಿ ಕೆಳಗಿನವರನ್ನು ಕರೆಯುವಾಗಲೂ ಬರುತ್ತದೆ. ಆದರೆ ಜಪಾನಿನ ಸಂಸತ್ತಿನಲ್ಲಿ ಸಭಾಧ್ಯಕ್ಷರು ಪ್ರಧಾನಿಯನ್ನೂ 'ಕುನ್' ಎಂದೇ ಕರೆಯುವ ಸಂಪ್ರದಾಯವಿದೆ. 1993ರಲ್ಲಿ ಕೆಳಮನೆಯ ಮೊದಲ ಮಹಿಳಾ ಸಭಾಧ್ಯಕ್ಷರಾದ ದೊಯಿ ತಾಕಾಕೊ ಅದನ್ನು ಬಿಟ್ಟು ಸದಸ್ಯರನ್ನು 'ಸಾನ್' ಎಂದು ಕರೆದರು. ಒಂದು ಚಿಕ್ಕ ಬಾಲ ಬದಲಾದದ್ದೇ ಆಗ ಸುದ್ದಿಯಾಯಿತು. ಈಗ ಶಾಲೆಗಳಲ್ಲೂ ಹುಡುಗ, ಹುಡುಗಿ ಎನ್ನದೆ ಎಲ್ಲರಿಗೂ 'ಸಾನ್' ಅನ್ನುವುದು ಹೆಚ್ಚುತ್ತಿದೆ. ನನಗಂತೂ ಇದು ಒಳ್ಳೆಯದೆನಿಸುತ್ತದೆ.

'ಸೆನ್ಸೇ' ಮೇಷ್ಟ್ರಿಗೆ ಮಾತ್ರವಲ್ಲ. ವೈದ್ಯರು, ವಕೀಲರು, ಲೇಖಕರು, ರಾಜಕಾರಣಿಗಳಿಗೂ ಬಳಸುತ್ತಾರೆ. ನೀವೇ ಶಿಕ್ಷಕರಾಗಿದ್ದರೆ ಪರಿಚಯ ಹೇಳಿಕೊಳ್ಳುವಾಗ 'ಸೆನ್ಸೇ' ಬೇಡ, 'ಕ್ಯೋಶಿ' ಅನ್ನಿ. ಶಾಲೆಯಲ್ಲಿ, ಕೆಲಸದಲ್ಲಿ ನಿಮಗಿಂತ ಮುಂಚೆ ಸೇರಿದವರು 'ಸೆಂಪಾಯ್'. ನಿಮಗಿಂತ ಆಮೇಲೆ ಬಂದವರು 'ಕೋಹಾಯ್', ಆದರೆ ಯಾರನ್ನೂ ಹಾಗೆಂದು ಕರೆಯುವುದಿಲ್ಲ.

ಹುದ್ದೆಯೂ ಗೌರವದ ಬಾಲವೇ. ಕಂಪನಿಯ ಮುಖ್ಯಸ್ಥರು 'ಶಾಚೋ', ವಿಭಾಗದ ಮುಖ್ಯಸ್ಥರು 'ಬುಚೋ', ಅವರ ಕೆಳಗಿನವರು 'ಕಾಚೋ'. 'ತಾನಾಕಾ ಬುಚೋ' ಎಂದರೆ ಗೌರವ ಅದರಲ್ಲೇ ಬಂತು. ಮೇಲೆ ಮತ್ತೆ 'ಸಾಮಾ' ಹಚ್ಚಿದರೆ ಎರಡು ಸಲ ಹೇಳಿದಂತೆ.

ಏನೂ ಸೇರಿಸದೆ ಬರೀ ಹೆಸರು ಕರೆಯುವುದಕ್ಕೆ 'ಯೊಬಿಸುತೆ' ಎನ್ನುತ್ತಾರೆ. ಮನೆಯವರ ನಡುವೆ, ಗಾಢ ಗೆಳೆಯರ ನಡುವೆ ಅದು ಸಲಿಗೆ. ಬೇರೆಯವರಿಗೆ ಅವಮಾನ.

ಹಂತ 2: 'ನೀವು' ಎನ್ನುವುದನ್ನೇ ಬಿಡಿ

ಪುಸ್ತಕದ ಮೊದಲ ಪಾಠದಲ್ಲೇ 'ಆನಾತಾ' ಎಂದರೆ 'ನೀವು' ಅಂತ ಕಲಿಸುತ್ತಾರೆ. ಕಲಿತ ಮೇಲೆ ಅದನ್ನು ಪಕ್ಕಕ್ಕಿಡಿ. ಮೇಲಿನವರಿಗೆ, ಪರಿಚಯದವರಿಗೆ 'ಆನಾತಾ' ಎಂದರೆ ಒರಟಾಗಿ ಕೇಳಿಸುತ್ತದೆ. ಹೆಂಡತಿ ಗಂಡನನ್ನು ಕರೆಯುವಾಗ ಅದರ ರುಚಿಯೇ ಬೇರೆ, ಹೆಚ್ಚುಕಡಿಮೆ ನಮ್ಮ 'ಏನೂಂದ್ರೆ'.

ಹಾಗಾದರೆ ಏನನ್ನಬೇಕು? ಎದುರಿಗಿರುವವರ ಹೆಸರನ್ನೇ ಹೇಳಿ. ತಾನಾಕಾ ಅವರನ್ನೇ ನೋಡುತ್ತಾ 'ತಾನಾಕಾ ಸಾನ್ ಕಾಫಿ ಕುಡಿಯುತ್ತಾರಾ?' ಎಂಬ ಧಾಟಿಯಲ್ಲಿ ಕೇಳುವುದು. ಹೆಸರು ಗೊತ್ತಿಲ್ಲದಿದ್ದರೆ ಹುದ್ದೆ. ಅದೂ ಇಲ್ಲದಿದ್ದರೆ ಕರ್ತೃಪದವನ್ನೇ ನುಂಗಿಬಿಡಿ, ವಾಕ್ಯ ನಡೆಯುತ್ತದೆ. ಇದು ನಮಗೆ ಕಷ್ಟವಲ್ಲ. 'ಊಟ ಆಯ್ತಾ?' ಅನ್ನುವಾಗ ನಾವು 'ನಿಮ್ಮದು' ಅಂತ ಸೇರಿಸುತ್ತೇವಾ?

ಹಂತ 3: 'ಮಾಸ್' ಎಂದರೆ ಧಾರವಾಡದ 'ರೀ'

ಜಪಾನಿಯಲ್ಲಿ ಗೌರವ ಎರಡು ದಿಕ್ಕಿಗೆ ಹೋಗುತ್ತದೆ. ಒಂದು, ಕೇಳಿಸಿಕೊಳ್ಳುತ್ತಿರುವವರಿಗೆ. ಇನ್ನೊಂದು, ಮಾತಿನೊಳಗೆ ಬರುವ ವ್ಯಕ್ತಿಗೆ. ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ಮುಂದೆ ಎಲ್ಲವೂ ಗೋಜಲಾಗುತ್ತದೆ.

ಧಾರವಾಡದ ಕಡೆ 'ನಮ್ಮ ತಮ್ಮ ಬಂದಾನ್ರೀ' ಅನ್ನುವುದನ್ನು ನೆನಪಿಸಿಕೊಳ್ಳಿ. ತಮ್ಮನಿಗೆ ಏಕವಚನ, 'ಬಂದಾನ'. ಕೇಳುವವರಿಗೆ ಮರ್ಯಾದೆ, 'ರೀ'. ಒಂದೇ ಪದದಲ್ಲಿ ಎರಡು ದಿಕ್ಕು. ಜಪಾನಿಯಲ್ಲಿ ವಾಕ್ಯದ ಕೊನೆಗೆ ಬರುವ 'ದೆಸ್', 'ಮಾಸ್' ಮಾಡುವುದು ಆ 'ರೀ'ಯ ಕೆಲಸ. 'ತಾಬೆರು' ಎಂದರೆ ತಿನ್ನುತ್ತೇನೆ. 'ತಾಬೆಮಾಸ್' ಎಂದರೆ ತಿನ್ನುತ್ತೇನ್ರೀ. ತಿನ್ನುವವನಿಗೆ ಇದರಿಂದ ಯಾವ ಗೌರವವೂ ಸಿಗಲಿಲ್ಲ, ಕೇಳುವವರಿಗೆ ಸಿಕ್ಕಿತು.

ಅಂಗಡಿ, ರೈಲು ನಿಲ್ದಾಣ, ನೆರೆಮನೆ, ಹೊಸ ಪರಿಚಯ, ಎಲ್ಲ ಕಡೆಯೂ 'ದೆಸ್', 'ಮಾಸ್' ಸಾಕು. ಪ್ರವಾಸಕ್ಕೆ ಹೋಗುವವರು ಇಲ್ಲಿಗೇ ನಿಲ್ಲಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಕೆಲಸಕ್ಕೆ ಹೋಗುವವರು, ಬಿಡದಿಯ ಟೊಯೋಟಾ ಕಾರ್ಖಾನೆಯಂಥ ಕಡೆ ಜಪಾನಿಯರ ಜೊತೆ ದುಡಿಯುವವರು ಮುಂದೆ ಓದಿ.

ಹಂತ 4: ಒಳಗಿನವರು, ಹೊರಗಿನವರು

'ಉಚಿ' ಎಂದರೆ ಒಳಗು. 'ಸೊತೊ' ಎಂದರೆ ಹೊರಗು. ಬಾಯಿ ತೆರೆಯುವ ಮುಂಚೆ ಕೇಳಿಕೊಳ್ಳಿ: ಈಗ ನಾನು ಯಾರ ಹತ್ತಿರ ಮಾತಾಡುತ್ತಿದ್ದೇನೆ? ಅವರ ಎದುರು ನನ್ನ ಕಡೆಯವರು ಯಾರು? ನನ್ನ ಕಡೆಯವರನ್ನು ನನ್ನ ಜೊತೆ ಕೆಳಗೆ ಇಳಿಸಬೇಕು. ಎದುರಿನ ಕಡೆಯವರನ್ನು ಮೇಲೆ ಏರಿಸಬೇಕು.

ಮನೆಯ ಪದಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಜಪಾನಿಯಲ್ಲಿ ಅಪ್ಪನಿಗೆ ಎರಡು ಪದ. ನಿಮ್ಮ ಅಪ್ಪ 'ಒತೋಸಾನ್'. ನನ್ನ ಅಪ್ಪನ ಬಗ್ಗೆ ನಿಮಗೆ ಹೇಳುವಾಗ ಅವರು ಬರೀ 'ಚಿಚಿ'. ಹಾಗೆಯೇ:

ಅಮ್ಮ: ನನ್ನ 'ಹಾಹಾ', ನಿಮ್ಮ 'ಒಕಾಸಾನ್'
ಅಣ್ಣ: ನನ್ನ 'ಆನಿ', ನಿಮ್ಮ 'ಒನೀಸಾನ್'
ಅಕ್ಕ: ನನ್ನ 'ಆನೆ', ನಿಮ್ಮ 'ಒನೇಸಾನ್'
ಹೆಂಡತಿ: ನನ್ನ 'ತ್ಸುಮಾ', ನಿಮ್ಮ 'ಒಕುಸಾನ್'
ಗಂಡ: ನನ್ನ 'ಒತ್ತೊ', ನಿಮ್ಮ 'ಗೊಶುಜಿನ್'

ಮನೆಯೊಳಗೆ ಅಪ್ಪನನ್ನು ಕರೆಯುವಾಗ ಮಾತ್ರ 'ಒತೋಸಾನ್' ಎಂದೇ ಕರೆಯುತ್ತಾರೆ. ಗೌರವ ಕಡಿಮೆಯಾಗಿಲ್ಲ, ಕೇಳುವವರು ಬದಲಾದರು ಅಷ್ಟೇ. ಇನ್ನೊಂದು ಮಾತು: ದೀರ್ಘ ಸ್ವರವನ್ನು ಎಳೆದೇ ಹೇಳಿ. 'ಒಜಿಸಾನ್' ಚಿಕ್ಕಪ್ಪ, ಮಾವ. 'ಒಜೀಸಾನ್' ತಾತ.

ಈಗ ಮೊದಲಿನ ಫೋನಿಗೆ ಬರೋಣ. ಗ್ರಾಹಕರ ಎದುರು ತಾನಾಕಾ ನಮ್ಮ ಕಡೆಯವರು. ಆದ್ದರಿಂದ 'ಸಾನ್' ಹೋಯಿತು, 'ಬುಚೋ' ಕೂಡ ಹೋಯಿತು. ಹುದ್ದೆ ಹೇಳಲೇಬೇಕಿದ್ದರೆ ಅದನ್ನು ಮುಂದಕ್ಕೆ ತಂದು 'ಬುಚೋ ನೊ ತಾನಾಕಾ' ಅನ್ನುತ್ತಾರೆ, 'ವಿಭಾಗದ ಮುಖ್ಯಸ್ಥ ತಾನಾಕಾ' ಎಂಬಂತೆ. ಹೆಸರಿನ ಹಿಂದೆ ಬಂದರೆ ಅದು ಗೌರವ. ಮುಂದೆ ಬಂದರೆ ಬರೀ ಮಾಹಿತಿ.

ಅದೇ ಫೋನಿನಲ್ಲಿ ತಾನಾಕಾ ಅವರ ಹೆಂಡತಿ ಮಾತಾಡುತ್ತಿದ್ದರೆ? ಆಗ ತಾನಾಕಾ ಹೆಂಡತಿಯ ಕಡೆಗೆ ಹೋದರು. ಹೆಂಡತಿಗೆ ಅವರು ನಮಗಿಂತ ಹತ್ತಿರ. ಈಗ 'ತಾನಾಕಾ ಬುಚೋ ವಾ ಸೆಕಿ ಒ ಹಾಜುಶಿತೆ ಇರಾಶ್ಶಾಯಿಮಾಸ್' ಎಂದು ಪೂರ್ತಿ ಗೌರವ. ಅದೇ ಕುರ್ಚಿ, ಅದೇ ಮ್ಯಾನೇಜರು, ಆದರೆ ಮಾತು ತಿರುಗಿತು. ಕನ್ನಡದಲ್ಲಿ ದೊಡ್ಡವರು ಯಾರ ಮುಂದೆಯೂ ದೊಡ್ಡವರೇ. ಜಪಾನಿಯಲ್ಲಿ ಅವರು ಯಾರ ಮುಂದೆ ದೊಡ್ಡವರು ಅಂತ ಪ್ರತಿ ಸಲ ನೋಡಬೇಕು.

ನಮ್ಮಲ್ಲೂ ಇದರ ಎಳೆ ಇದೆ, ಅಲ್ವಾ? 'ನಮ್ಮ ಬಡವರ ಮನೆಗೂ ಒಂದ್ಸಲ ಬನ್ನಿ' ಎಂದು ಮೂರಂತಸ್ತಿನ ಮನೆಯವರೂ ಕರೆಯುತ್ತಾರೆ. 'ಏನೋ ಕೈಲಾದ್ದು ಮಾಡಿದ್ದೀವಿ' ಎಂದು ಹಬ್ಬದೂಟ ಬಡಿಸುತ್ತಾರೆ. ಆ ದನಿಯನ್ನು ಜಪಾನಿಯರು ವ್ಯಾಕರಣದೊಳಕ್ಕೇ ತಂದಿದ್ದಾರೆ.

ಹಂತ 5: ಏರಿಸುವ ಕ್ರಿಯಾಪದ, ಇಳಿಸುವ ಕ್ರಿಯಾಪದ

ಎದುರಿನವರು ಮಾಡುವ ಕೆಲಸವನ್ನು ಏರಿಸಿ ಹೇಳುವುದು 'ಸೊಂಕೇಯ್ಗೊ'. ನಾನು ಮಾಡುವ ಕೆಲಸವನ್ನು ತಗ್ಗಿಸಿ ಹೇಳುವುದು 'ಕೆಂಜೋಗೊ'. ಹಳೆಯ ಕನ್ನಡ ಪತ್ರ, ನಾಟಕಗಳ ಪರಿಚಯವಿದ್ದರೆ ಇದು ತಕ್ಷಣ ಹಿಡಿಯುತ್ತದೆ. ದೊರೆ 'ಅಪ್ಪಣೆ ಕೊಡಿಸುತ್ತಾನೆ', ಪ್ರಜೆ 'ಅರಿಕೆ ಮಾಡಿಕೊಳ್ಳುತ್ತಾನೆ'. ಇಬ್ಬರೂ ಮಾಡುವುದು ಹೇಳುವ ಕೆಲಸವೇ. ಜಪಾನಿಯಲ್ಲಿ 'ಹೇಳು' ಎಂಬ 'ಇಉ'ಗೆ ಏರಿಸುವ ರೂಪ 'ಒಶ್ಶಾರು', ಇಳಿಸುವ ರೂಪ 'ಮೋಸು'.

ಮೊದಲು ಇಷ್ಟು ಬಾಯಿಗೆ ಬರಲಿ:

ಹೋಗು, ಬಾ: ಅವರು 'ಇರಾಶ್ಶಾರು', ನಾನು 'ಮಾಯಿರು'
ಇರು: ಅವರು 'ಇರಾಶ್ಶಾರು', ನಾನು 'ಒರು'
ತಿನ್ನು, ಕುಡಿ: ಅವರು 'ಮೆಶಿಯಾಗಾರು', ನಾನು 'ಇತಾದಾಕು'
ಮಾಡು: ಅವರು 'ನಾಸಾರು', ನಾನು 'ಇತಾಸು'
ನೋಡು: ಅವರು 'ಗೊರಾನ್ ನಿ ನಾರು', ನಾನು 'ಹಾಯ್‌ಕೆನ್ ಸುರು'
ಕೊಡು: ಅವರು ನನಗೆ 'ಕುದಾಸಾರು', ನಾನು ಅವರಿಗೆ 'ಸಾಶಿಯಾಗೆರು'

ಇವುಗಳಲ್ಲಿ ಕೆಲವು ನೀವು ಈಗಾಗಲೇ ಕೇಳಿರುತ್ತೀರಿ. ಜಪಾನಿನ ಅಂಗಡಿಯೊಳಗೆ ಕಾಲಿಟ್ಟರೆ 'ಇರಾಶ್ಶಾಯಿಮಾಸೆ' ಎಂದು ಕೂಗುತ್ತಾರಲ್ಲ, ಅದು 'ಇರಾಶ್ಶಾರು'ವಿನಿಂದಲೇ ಬಂದದ್ದು. ನಮ್ಮ 'ದಯಮಾಡಿಸಿ' ಅದು. ಊಟಕ್ಕೆ ಮುಂಚೆ ಕೈ ಜೋಡಿಸಿ ಹೇಳುವ 'ಇತಾದಾಕಿಮಾಸ್' ಇಳಿಸುವ ರೂಪ, ತಲೆಬಾಗಿ ಸ್ವೀಕರಿಸುತ್ತೇನೆ ಎಂಬರ್ಥ.

ಪಟ್ಟಿಯಲ್ಲಿಲ್ಲದ ಕ್ರಿಯಾಪದಗಳಿಗೆ ಅಚ್ಚು ಇದೆ. ಏರಿಸಲು 'ಒ' ಮುಂದೆ, 'ನಿ ನಾರು' ಹಿಂದೆ: 'ಯೊಮು' (ಓದು) ಎಂಬುದು 'ಒಯೊಮಿ ನಿ ನಾರಿಮಾಸ್' ಆಗುತ್ತದೆ. ಇಳಿಸಲು 'ಒ' ಮುಂದೆ, 'ಸುರು' ಹಿಂದೆ: 'ಮೊತ್ಸು' (ಹಿಡಿದುಕೊ) ಎಂಬುದು 'ಒಮೊಚಿ ಶಿಮಾಸ್' ಆಗುತ್ತದೆ. ಹಿರಿಯರ ಕೈಯಲ್ಲಿ ಭಾರದ ಚೀಲ ಕಂಡಾಗ 'ಒಮೊಚಿ ಶಿಮಾಸ್' ಎಂದರೆ 'ಕೊಡಿ, ನಾನು ಹಿಡ್ಕೋತೀನಿ' ಎಂದಂತೆ. ಮೊದಲು ಕಲಿಯಬೇಕಾದ ವಾಕ್ಯ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಇಳಿಸುವುದರಲ್ಲೂ ಎರಡು ಬಗೆ ಇವೆ. 2007ರಲ್ಲಿ ಜಪಾನಿನ ಸಂಸ್ಕೃತಿ ಮಂಡಳಿ ಹೊರತಂದ ಮಾರ್ಗಸೂಚಿ ಗೌರವದ ಮಾತನ್ನು ಐದು ಗುಂಪು ಮಾಡಿ, ಇವೆರಡನ್ನು ಬೇರೆ ಇಟ್ಟಿತು. 'ಹೋಗುತ್ತೇನೆ' ಎನ್ನಲು 'ಉಕಾಗಾವು' ಕೂಡ ಇದೆ, 'ಮಾಯಿರು' ಕೂಡ ಇದೆ. ಎರಡೂ ವಿನಯದ ಮಾತೇ. ಆದರೆ 'ಉಕಾಗಾವು' ನಾನು ಯಾರ ಮನೆಗೆ ಹೋಗುತ್ತೇನೋ ಅವರನ್ನು ಏರಿಸುತ್ತದೆ. 'ಮಾಯಿರು' ಕೇಳುತ್ತಿರುವವರ ಮುಂದೆ ತಗ್ಗುತ್ತದೆ, ಅಷ್ಟೇ. ಮೇಷ್ಟ್ರ ಮನೆಗೆ 'ಉಕಾಗಾಯಿಮಾಸ್' ಎಂದರೆ ಚೆನ್ನ. ನನ್ನ ತಮ್ಮನ ಮನೆಗೆ ಹಾಗೆಂದರೆ ನನ್ನ ತಮ್ಮನನ್ನೇ ಏರಿಸಿದ ಹಾಗಾಯಿತು. ಅಲ್ಲಿಗೆ 'ಮಾಯಿರಿಮಾಸ್' ಸರಿ.

ಹಂತ 6: ವಸ್ತುಗಳಿಗೆ 'ಒ' ಮತ್ತು 'ಗೊ'

ಚಹಾ 'ಒಚಾ', ನೀರು 'ಒಮಿಜು', ದುಡ್ಡು 'ಒಕಾನೆ'. ಅಚ್ಚ ಜಪಾನಿ ಪದಕ್ಕೆ ಸಾಮಾನ್ಯವಾಗಿ 'ಒ', ಚೀನೀ ಮೂಲದ ಪದಕ್ಕೆ 'ಗೊ': ಕುಟುಂಬ 'ಗೊಕಾಜೊಕು', ವಿಳಾಸ 'ಗೊಜೂಶೊ'. ಫೋನಿಗೆ 'ಒದೆನ್ವಾ' ಅನ್ನುವಂಥ ಹೊರತುಗಳು ಬಹಳ, ಕೇಳುತ್ತಾ ಬರುತ್ತವೆ. ಕಂಪ್ಯೂಟರಿನಂಥ ಪರದೇಶದ ಪದಗಳಿಗೆ ಸಾಮಾನ್ಯವಾಗಿ ಬೇಡ. ನಿಮ್ಮ ಹೆಸರು ಕೇಳುವಾಗ ಅವರು 'ಒನಾಮಾಯೆ' ಎನ್ನುತ್ತಾರೆ. ನೀವು ಉತ್ತರ ಕೊಡುವಾಗ ಆ 'ಒ' ತೆಗೆಯಿರಿ.

ಹಂತ 7: ಆಫೀಸಿನ ಸಿದ್ಧ ಮಾತುಗಳು

ಇವನ್ನು ಬಿಡಿಸಿ ನೋಡಬೇಡಿ, ಇಡಿಯಾಗಿ ನುಂಗಿ. ಹೊರಗಿನವರ ಫೋನು, ಮೇಲ್ ಎರಡರ ಶುರುವೂ 'ಒಸೆವಾ ನಿ ನಾತ್ತೆ ಒರಿಮಾಸ್'. 'ನಿಮ್ಮ ಉಪಕಾರ ನಮ್ಮ ಮೇಲಿದೆ' ಎಂಬ ಧಾಟಿ. ಕೊನೆಗೆ 'ಯೊರೊಶಿಕು ಒನೆಗಾಯಿ ಇತಾಶಿಮಾಸ್', 'ದಯವಿಟ್ಟು ನಡೆಸಿಕೊಡಿ' ಎಂಬ ಕೋರಿಕೆ. ಕಂಪನಿಗೆ ಬರೆಯುವಾಗ ಹೆಸರಿನ ಹಿಂದೆ 'ಒನ್‌ಚೂ', ವ್ಯಕ್ತಿಗೆ ಬರೆಯುವಾಗ 'ಸಾಮಾ'. ಎರಡನ್ನೂ ಒಟ್ಟಿಗೆ ಹಾಕುವುದಿಲ್ಲ.

ಮೇಲಧಿಕಾರಿ ಕೆಲಸ ಹೇಳಿದರೆ 'ರ್ಯೋಕಾಯ್' (ಗೊತ್ತಾಯ್ತು) ಎನ್ನುವುದು ಎಷ್ಟೋ ಆಫೀಸುಗಳಲ್ಲಿ ಸಲಿಗೆಯಾಗಿ ಕೇಳುತ್ತದೆ. 'ಶೋಚಿ ಶಿಮಾಶಿತಾ' ಅನ್ನಿ. ಗ್ರಾಹಕರಿಗಾದರೆ 'ಕಾಶಿಕೊಮಾರಿಮಾಶಿತಾ'. ಸಂಜೆ ಹೊರಡುವಾಗ ಎಲ್ಲರಿಗೂ 'ಒತ್ಸುಕಾರೆಸಾಮಾ ದೆಸ್', ಅಂದರೆ 'ದುಡಿದು ದಣಿದಿದ್ದೀರಿ' ಎಂಬ ಧಾಟಿ. 'ಗೊಕುರೋಸಾಮಾ' ಮೇಲಿನವರು ಕೆಳಗಿನವರಿಗೆ ಹೇಳುವ ಮಾತು, ಬಾಸ್‌ಗೆ ಹೇಳಬೇಡಿ. ಅತಿಥಿಗೆ ಕುರ್ಚಿ ತೋರಿಸುವಾಗ 'ಒಕಾಕೆ ಕುದಾಸಾಯ್' ಅನ್ನಿ. 'ಒಸುವಾರಿ' ನಾಯಿಗೆ 'ಕೂತ್ಕೋ' ಎನ್ನುವಾಗ ಬಳಸುವ ಪದವೂ ಹೌದು, ಹಾಗಾಗಿ ಅದು ಬೇಡ.

ನಮ್ಮವರು ಎಡವುವ ಜಾಗಗಳು

ಜಾಸ್ತಿ ಆಗುವುದು ಏರಿಸುವ ಪದವನ್ನು ತಮಗೇ ಬಳಸಿಕೊಳ್ಳುವ ತಪ್ಪು. 'ನಾನು ಮೆಶಿಯಾಗಾರು' ಎಂದರೆ 'ನಾನು ಆರೋಗಣೆ ಮಾಡುತ್ತೇನೆ' ಎಂದಂತೆ. ಎರಡನೆಯದು ಗೌರವದ ಮೇಲೆ ಗೌರವ ಪೇರಿಸುವುದು. 'ಒಶ್ಶಾರು' ಅಷ್ಟರಲ್ಲೇ ಪೂರ್ತಿ. ಅದನ್ನು 'ಒಶ್ಶಾರಾರೆರು' ಮಾಡುವುದು ಬೇಡ. ಮೂರನೆಯದು ಅಂಗಡಿಗಳಲ್ಲಿ ಕೇಳಿದ್ದನ್ನೆಲ್ಲ ಮಾದರಿ ಅಂದುಕೊಳ್ಳುವುದು. ಕಾಫಿ ತಂದಿಟ್ಟು 'ಕೋಹೀ ನಿ ನಾರಿಮಾಸ್' ಅನ್ನುವುದು ಬಹಳ ಕಡೆ ಕೇಳುತ್ತದೆ, ಆದರೆ 'ಕಾಫಿ ಆಗುತ್ತದೆ' ಎಂಬ ಆ ಮಾತು ಸರಿಯಲ್ಲ ಎನ್ನುವ ಜಪಾನಿಯರು ತುಂಬಾ ಇದ್ದಾರೆ. 'ಕೋಹೀ ದೆ ಗೊಜಾಯಿಮಾಸ್' ಸರಿಯಾದ ರೂಪ.

ಅಭ್ಯಾಸ: ಒಂದೇ ಸುದ್ದಿ, ಬೇರೆ ಬೇರೆ ಕಿವಿಗೆ

ಸುದ್ದಿ ಇಷ್ಟೇ: ಮ್ಯಾನೇಜರ್ ನಾಳೆ ಬರುತ್ತಾರೆ. ಇದನ್ನು ಜೋರಾಗಿ, ಎದುರಿಗೆ ಆ ವ್ಯಕ್ತಿ ಇದ್ದಾರೆ ಅಂದುಕೊಂಡು ಹೇಳಿ. ದಿನಕ್ಕೊಂದು ಕ್ರಿಯಾಪದ ಹಿಡಿದು ಹೀಗೇ ಮಾಡಿದರೆ ಎರಡು ವಾರದಲ್ಲಿ ನಾಲಿಗೆ ತಿರುಗುತ್ತದೆ.

ಆಫೀಸಿನ ಸಹೋದ್ಯೋಗಿಗೆ: 'ತಾನಾಕಾ ಬುಚೋ ವಾ ಆಶಿತಾ ಇರಾಶ್ಶಾಯಿಮಾಸ್.'
ಗ್ರಾಹಕರಿಗೆ: 'ಬುಚೋ ನೊ ತಾನಾಕಾ ಗಾ ಆಶಿತಾ ಮಾಯಿರಿಮಾಸ್.'
ತಾನಾಕಾ ಅವರಿಗೇ: 'ಬುಚೋ, ಆಶಿತಾ ಇರಾಶ್ಶಾಯಿಮಾಸ್ ಕಾ?'
ರಾತ್ರಿ ಊಟಕ್ಕೆ ಕೂತ ಗೆಳೆಯನಿಗೆ: 'ಬುಚೋ, ಆಶಿತಾ ಕುರು ಯೊ.'

ಜಪಾನಿಗೆ ಹೋದಾಗ ರೈಲು ನಿಲ್ದಾಣದ ಮೈಕಿಗೂ ಕಿವಿಕೊಡಿ. 'ಮಾಮೊನಾಕು ದೆನ್ಶಾ ಗಾ ಮಾಯಿರಿಮಾಸ್', ಇನ್ನೇನು ರೈಲು ಬರುತ್ತದೆ. ಅಲ್ಲಿ ರೈಲಿಗೂ ಇಳಿಸುವ 'ಮಾಯಿರು'ವೇ. ಗ್ರಾಹಕರಿಗೆ ಹೇಳಿದ ಎರಡನೆಯ ವಾಕ್ಯದಲ್ಲಿ ತಾನಾಕಾ ಅವರಿಗೆ ಬಂದದ್ದೂ ಅದೇ ಪದ.